ಹೊಸ ಪಿಸ್ಟನ್ ಹಾಕಿ 340 ಕಿಲೋಮೀಟರಿಗೆ ಜಾಮ್. ಹಳೇ ಎಂಜಿನ್ ಕಟ್ಟಿಸುವವರು ದಯವಿಟ್ಟು ಓದಿ

ಅಂಬಲಪಾಡಿ ರೋಡ್‌ಕಿಂಗ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ. ನನಗಾದದ್ದು ಇನ್ನೊಬ್ಬರಿಗೆ ಆಗಬಾರದು ಅಂತಲೇ ಬರೆಯುತ್ತಿದ್ದೇನೆ.

ಅಪ್ಪನ ಬೈಕು, 1986ರ ಎಜ್ಡಿ ರೋಡ್‌ಕಿಂಗ್. ಹನ್ನೊಂದು ವರ್ಷ ಮನೆ ಹಿಂದಿನ ಕೊಟ್ಟಿಗೆಯಲ್ಲಿ ನಿಂತಿತ್ತು. ಈ ಸಲ ಮಳೆ ಮುಗಿದ ಮೇಲೆ ಎಂಜಿನ್ ಇಳಿಸಿದೆವು. ಅಷ್ಟು ವರ್ಷ ನಿಂತರೂ ಕಿಕ್ ಹೊಡೆದರೆ ತಿರುಗುತ್ತಿತ್ತು. ಕಂಪ್ರೆಷನ್ ಸ್ವಲ್ಪ ಕಮ್ಮಿ, ಅಷ್ಟೇ. ಗ್ಯಾರೇಜಿನವರು "ಹೇಗೂ ಬಿಚ್ಚಿ ಆಯ್ತಲ್ಲ, ಒಳಗಿನದ್ದೆಲ್ಲ ಹೊಸದೇ ಹಾಕಿಬಿಡುವ" ಎಂದರು. ನನಗೂ ಸರಿ ಅನ್ನಿಸಿತು. ಪಿಸ್ಟನ್ ಕಿಟ್, ಕನೆಕ್ಟಿಂಗ್ ರಾಡ್ ಕಿಟ್, ಬೇರಿಂಗ್, ಆಯಿಲ್ ಸೀಲ್, ಪಾಯಿಂಟ್, ಕಂಡೆನ್ಸರ್, ಎಲ್ಲಾ ಆನ್‌ಲೈನಿನಲ್ಲಿ ತರಿಸಿದೆ. ಡಬ್ಬ ಚೆಂದ ಇತ್ತು. ಪಿಸ್ಟನ್ ಹೊಳೆಯುತ್ತಿತ್ತು. ಹಳೇ ಪಿಸ್ಟನ್, ಹಳೇ ರಾಡ್ ಎರಡೂ ಗುಜರಿಗೆ ಹೋದವು. ಈಗ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಬೋರ್ 0.50 ಓವರ್‌ಸೈಜ್ ಮಾಡಿಸಿದೆ. ಅಂದರೆ ಸಿಲಿಂಡರಿನ ಒಳಗನ್ನು ಕೊರೆಸಿ, 65 ಮಿ.ಮೀ. ಅಗಲ ಇದ್ದದ್ದನ್ನು 65.50 ಮಾಡಿಸಿದೆ. ರನ್ನಿಂಗ್-ಇನ್, ಅಂದರೆ ಹೊಸ ಪಾರ್ಟ್ ಹೊಂದಿಕೊಳ್ಳುವವರೆಗೆ ಮೆಲ್ಲ ಓಡಿಸುವುದು, ಸರಿಯಾಗಿಯೇ ಮಾಡಿದೆ. 50ರ ಮೇಲೆ ಓಡಿಸಲಿಲ್ಲ, ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಆಯಿಲ್ ಹಾಕುತ್ತಿದ್ದೆ. ಮಲ್ಪೆ, ಕಾಪು, ಬಾರ್ಕೂರು ಅಂತ ಸುತ್ತಾಡಿ 300 ದಾಟಿತು. ಕಳೆದ ಭಾನುವಾರ ಬೆಳಿಗ್ಗೆ ಹೆಬ್ರಿ ದಾಟಿ ಆಗುಂಬೆ ಕಡೆ ಹೊರಟೆ. ಸೋಮೇಶ್ವರದವರೆಗೆ ಏನೂ ತೊಂದರೆ ಇಲ್ಲ. ಘಾಟಿಯ ಹದಿನಾಲ್ಕು ತಿರುವಿನಲ್ಲಿ ನಾಲ್ಕನೆಯದ್ದು ಇರಬೇಕು. ಎಂಜಿನ್ ಸದ್ದು ಒಮ್ಮೆ ಕುಗ್ಗಿತು, ಹಿಂದಿನ ಚಕ್ರ ಹಿಡಿದುಕೊಂಡಿತು. ಕ್ಲಚ್ ಮೇಲೆ ಬೆರಳು ಇದ್ದದ್ದರಿಂದ ಬೀಳಲಿಲ್ಲ. ಹಿಂದೆ ಬಸ್ ಬರುತ್ತಿತ್ತು.

ಟೆಂಪೋದಲ್ಲಿ ಹಾಕಿ ತಂದು ಬಿಚ್ಚಿದೆವು. ಪಿಸ್ಟನ್ ಸ್ಕರ್ಟಿನಲ್ಲಿ, ಅಂದರೆ ರಿಂಗಿನ ಕೆಳಗಿನ ಮೈಯಲ್ಲಿ, ನಾಲ್ಕು ಮೂಲೆಯಲ್ಲೂ ಉದ್ದಕ್ಕೆ ಗೀರು. ಸಿಲಿಂಡರಿನಲ್ಲಿ ಅಲ್ಯೂಮಿನಿಯಂ ಮೆತ್ತಿಕೊಂಡಿದೆ. ಬೋರ್ ಮಾಡಿದವರು ಪಿಸ್ಟನ್ ಸರಿ ಇಲ್ಲ ಅನ್ನುತ್ತಾರೆ. ಮಾರಿದವರು ಬೋರ್ ಬಿಗಿ ಅನ್ನುತ್ತಾರೆ. ಯಾರ ಮಾತು ನಂಬಬೇಕು?

ಸುರತ್ಕಲ್ ಆರ್‌ಎಕ್ಸ್

ಮೊದಲು, ನಿಮಗೆ ಏನೂ ಆಗಲಿಲ್ಲವಲ್ಲ, ಅದೇ ದೊಡ್ಡದು ಅಣ್ಣ. ಆ ತಿರುವಿನಲ್ಲಿ ಚಕ್ರ ಹಿಡಿಯುವುದು ಅಂದರೆ ಸುಮ್ನೆ ಅಲ್ಲ.

ನನ್ನ ಆರ್‌ಎಕ್ಸ್ 100 ಬೈಕಿನಲ್ಲೂ ಇಂಥದ್ದೇ ಆಯಿತು. ಆದರೆ ಪಿಸ್ಟನ್ ಅಲ್ಲ, ರಿಂಗ್ ಪಿನ್. ರಿಂಗ್ ತಿರುಗದ ಹಾಗೆ ತೋಡಿನಲ್ಲಿ ಸಣ್ಣ ಪಿನ್ ಇರುತ್ತದಲ್ಲ, ಅದು ಸಡಿಲವಾಗಿ ಬಿದ್ದುಹೋಯಿತು. ರಿಂಗ್ ತಿರುಗಿ ಅದರ ತುದಿ ಪೋರ್ಟಿಗೆ, ಅಂದರೆ ಸಿಲಿಂಡರ್ ಗೋಡೆಯ ಕಿಂಡಿಗೆ, ಸಿಕ್ಕಿಕೊಂಡಿತು. ರಿಂಗ್ ಪುಡಿ, ಸಿಲಿಂಡರ್ ಹಾಳು, ಹೆಡ್ಡಿನ ತುಂಬ ಗುಳಿ. 900 ಕಿಲೋಮೀಟರ್ ಓಡಿತ್ತು ಅಷ್ಟೇ. ಈಗ ಯಾವ ಪಿಸ್ಟನ್ ತಂದರೂ ಮೊದಲು ಭೂತಗನ್ನಡಿಯಲ್ಲಿ ಪಿನ್ ನೋಡುತ್ತೇನೆ. ಇಕ್ಕುಳದಲ್ಲಿ ಮೆಲ್ಲ ಹಿಡಿದು ಎಳೆದರೆ ಅದು ಅಲ್ಲಾಡಲೇಬಾರದು.

ಹಳೇ ಫಿಟ್ಟರ್, ಬ್ರಹ್ಮಾವರ

ನಾಲ್ಕು ಮೂಲೆಯಲ್ಲಿ ಗೀರು ಅಂದಿರಲ್ಲ, ಅದರಲ್ಲೇ ಅರ್ಧ ಉತ್ತರ ಉಂಟು. ಗಾಳಿ ಎಳೆದು, ಪೆಟ್ರೋಲ್ ಸಾಲದೆ ಜಾಮ್ ಆದರೆ ಗೀರು ಹೆಚ್ಚಾಗಿ ಸೈಲೆನ್ಸರ್ ಕಡೆಯ ಮುಖದಲ್ಲಿ ಬೀಳುತ್ತದೆ. ನಾಲ್ಕೂ ಮೂಲೆ ಉಜ್ಜಿದರೆ ಪಿಸ್ಟನ್ ಒಟ್ಟಾಗಿ ಉಬ್ಬಿದೆ, ಸಿಲಿಂಡರಿನಲ್ಲಿ ಅದಕ್ಕೆ ಜಾಗ ಸಾಲಲಿಲ್ಲ.

ಯಾಕೆ ಉಬ್ಬಿತು ಅಂತ ಹೇಳುತ್ತೇನೆ. ಪಿಸ್ಟನ್ ನೋಡಲಿಕ್ಕೆ ಗುಂಡಗೆ ಕಾಣುತ್ತದೆ. ನಿಜವಾಗಿ ಅದು ಗುಂಡಗಿಲ್ಲ. ಪಿಸ್ಟನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗಜನ್ ಪಿನ್ ಇರುವ ಕಡೆ ಲೋಹ ದಪ್ಪ, ಬಿಸಿಯಾದಾಗ ಆ ಕಡೆ ಜಾಸ್ತಿ ಹಿಗ್ಗುತ್ತದೆ. ಹಾಗಾಗಿ ಒಳ್ಳೇ ಪಿಸ್ಟನನ್ನು ತಣ್ಣಗಿರುವಾಗ ಪಿನ್ ಕಡೆಗೆ ಸ್ವಲ್ಪ ಕಿರಿದು ಮಾಡಿರುತ್ತಾರೆ, ಮೊಟ್ಟೆಯ ಹಾಗೆ. ತಲೆ ಕಡೆಗೆ ಬೆಂಕಿ ಹತ್ತಿರ. ಹಾಗಾಗಿ ಮೇಲೆ ಇನ್ನೂ ಕಿರಿದು, ಕೆಳಗೆ ಅಗಲ. ಬಿಸಿಯಾದ ಮೇಲೆ ಅದು ಸರಿಯಾಗಿ ಗುಂಡಗಾಗುತ್ತದೆ. ಇನ್ನೊಂದು, ಲೋಹ. ಪಿಸ್ಟನ್ ಅಲ್ಯೂಮಿನಿಯಂನಲ್ಲಿ ನೂರಕ್ಕೆ ಸುಮಾರು 12 ಭಾಗ ಸಿಲಿಕಾನ್ ಇರಬೇಕು. ಅದು ಹಿಗ್ಗುವುದನ್ನು ತಡೆಯುತ್ತದೆ. ಕಂಡ ಕಂಡ ಅಲ್ಯೂಮಿನಿಯಂ ಕರಗಿಸಿ ಎರಕ ಹೊಯ್ದು, ಲೇತಿನಲ್ಲಿ ಸುಮ್ನೆ ಗುಂಡಗೆ ತಿರುಗಿಸಿ ಮಾರಿದರೆ, ಪಿಸ್ಟನಿಗೂ ಸಿಲಿಂಡರಿಗೂ ನಡುವೆ ಪುಸ್ತಕದಲ್ಲಿರುವಷ್ಟು ಜಾಗ (ಕ್ಲಿಯರೆನ್ಸ್) ಕೊಟ್ಟರೂ ಅದು ಹಿಡಿಯುತ್ತದೆ. ರಸ್ತೆ ಸಮತಟ್ಟಿದ್ದಾಗ ಓಡುತ್ತದೆ. ಘಾಟಿ ಹತ್ತುವಾಗ ಬಣ್ಣ ಬಯಲಾಗುತ್ತದೆ.

ನನ್ನ ಹತ್ತಿರ ಎಜ್ಡಿ ಮಾಡುತ್ತಿದ್ದ ಮೈಸೂರು ಫ್ಯಾಕ್ಟರಿ ಇದ್ದ ಕಾಲದ ಒಂದು ಸ್ಟ್ಯಾಂಡರ್ಡ್, ಅಂದರೆ ಮೂಲ ಅಳತೆಯ, ಪಿಸ್ಟನ್ ಉಂಟು. ರಿಂಗ್ ತೋಡು ಸವೆದಿದೆ, ಹಾಕಲಿಕ್ಕೆ ಬರುವುದಿಲ್ಲ. ಅಳತೆಗೆ ಅಂತಲೇ ಇಟ್ಟುಕೊಂಡಿದ್ದೇನೆ. ನಿಮ್ಮ ಪಿಸ್ಟನ್ ಹಿಡಿದುಕೊಂಡು ಬನ್ನಿ. ಎರಡನ್ನೂ ಪಕ್ಕದಲ್ಲಿಟ್ಟು ಅಳೆಯುವ.

ಕದ್ರಿ ಬುಲೆಟ್

ಎಜ್ಡಿಯವರ ಕಷ್ಟ ಅರ್ಥ ಆಗುತ್ತದೆ. ಮೈಸೂರಿನ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಆಮೇಲೆ ಯಾರು ಏನು ಮಾಡಿ ಮಾರಿದರೂ ಕೇಳುವವರಿಲ್ಲ. ಆದರೆ ಬುಲೆಟ್ಟಿನವರಿಗೆ ಸುಲಭ ಅಂದುಕೊಳ್ಳಬೇಡಿ. ನಮಗೆ ಪಾರ್ಟ್ ಬೇಕಾದಷ್ಟು ಸಿಗುತ್ತದೆ, ಅದೇ ತೊಂದರೆ.

ನನ್ನದು ಹಳೇ ಎರಕದ ಸಿಲಿಂಡರಿನ 346 ಸಿ.ಸಿ. ಎರಡು ವರ್ಷದ ಹಿಂದೆ ವಾಲ್ವ್ ತೆರೆಸುವ ಕ್ಯಾಮ್, ಟ್ಯಾಪೆಟ್ ಹೊಸದು ಹಾಕಿಸಿದೆ. ಇದರಲ್ಲಿ ಎಂಜಿನ್ ತಣ್ಣಗಿರುವಾಗ, ಕ್ಯಾಮಿನ ಒತ್ತನ್ನು ವಾಲ್ವಿನ ಕಡೆ ಒಯ್ಯುವ ಪುಶ್ ರಾಡ್ ಬೆರಳಲ್ಲಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ಸರಿ ಮಾಡಿ ಇನ್ನೂರು ಕಿಲೋಮೀಟರ್ ಓಡಿಸುವಷ್ಟರಲ್ಲಿ ಮತ್ತೆ ಟಕ ಟಕ. ಮತ್ತೆ ಸರಿ ಮಾಡಿದೆ, ಮತ್ತೆ ಟಕ ಟಕ. ನಾಲ್ಕನೇ ಸಲ ಸಂಶಯ ಬಂದು ಬಿಚ್ಚಿದರೆ ಕ್ಯಾಮಿನ ಮೂಗು ಸವೆದು ಹೋಗಿದೆ. ಗಟ್ಟಿ ಮಾಡುವ ಕೆಲಸವನ್ನೇ ಮಾಡಿರಲಿಲ್ಲ. ಹಳೇ ಕ್ಯಾಮಿನ ಮೇಲೆ ಅರ ಎಳೆದರೆ ಜಾರುತ್ತದೆ. ಹೊಸದರ ಮೇಲೆ ಎಳೆದರೆ ಕಚ್ಚುತ್ತದೆ. ಸವೆದ ಪುಡಿಯೆಲ್ಲ ಆಯಿಲಿನಲ್ಲಿ ಸೇರಿ ಕನೆಕ್ಟಿಂಗ್ ರಾಡಿನ ಕೆಳತುದಿಯ ಬಿಗ್ ಎಂಡ್ ಬುಶ್ಶಿಗೂ ಹೋಯಿತು.

ಅದೃಷ್ಟಕ್ಕೆ ಹಳೇ ಕ್ಯಾಮ್ ಬಿಸಾಡಿರಲಿಲ್ಲ. ಅದನ್ನೇ ವಾಪಸ್ ಹಾಕಿದೆ. ಇವತ್ತಿಗೂ ಓಡುತ್ತಿದೆ.

ಮಲ್ಪೆ ಲೇತ್

ನಾನು ಬೋರ್ ಮಾಡುವವನು. ಹೆಚ್ಚಿನದ್ದು ಬೋಟ್ ಎಂಜಿನ್ ಕೆಲಸ, ಮಧ್ಯೆ ಬೈಕಿನ ಸಿಲಿಂಡರ್ ಕೂಡ ಬರುತ್ತದೆ. ಒಂದು ಮಾತು ಹೇಳಲೇಬೇಕು. ಎಲ್ಲಾ ತಪ್ಪನ್ನು ಪಾರ್ಟಿನ ಮೇಲೆ ಹಾಕಬೇಡಿ.

ನಿಮ್ಮಿಬ್ಬರದ್ದೂ ಟೂ ಸ್ಟ್ರೋಕ್. ಟೂ ಸ್ಟ್ರೋಕ್ ಸಿಲಿಂಡರ್ ಬೋರ್ ಆದ ಮೇಲೆ ಪೋರ್ಟಿನ ಅಂಚು ಚೂರಿಯ ಹಾಗೆ ಆಗುತ್ತದೆ. ಅದನ್ನು ತೀಡಿ ಮೊಂಡು ಮಾಡಬೇಕು. ಸುಮಾರು ಕಡೆ ಅದನ್ನು ಬಿಟ್ಟುಬಿಡುತ್ತಾರೆ. ಸುರತ್ಕಲ್‌ನವರೇ, ನಿಮ್ಮ ರಿಂಗ್ ಮುರಿದದ್ದು ಪಿನ್ನಿನಿಂದಲೇ ಇರಬಹುದು, ಆದರೆ ಅಂಚನ್ನೂ ಒಮ್ಮೆ ಬೆರಳಿಟ್ಟು ನೋಡಿ.

ಇನ್ನೊಂದು. ಜನ ಸಿಲಿಂಡರ್ ಮಾತ್ರ ತಂದು "0.50 ಮಾಡಿಡಿ, ಪಿಸ್ಟನ್ ಆಮೇಲೆ ಬರುತ್ತದೆ" ಅನ್ನುತ್ತಾರೆ. ನಾನು ಮಾಡುವುದಿಲ್ಲ. ಪಿಸ್ಟನ್ ಕೈಗೆ ಬರಬೇಕು, ಅದನ್ನು ಅಳೆಯಬೇಕು, ಆಮೇಲೆ ಅದಕ್ಕೆ ಬೇಕಾದಷ್ಟು ಬೋರ್. ಡಬ್ಬದ ಮೇಲೆ 0.50 ಅಂತ ಇರುತ್ತದೆ, ಒಳಗಿನ ಪಿಸ್ಟನ್ 0.46 ಇರುತ್ತದೆ, ಇನ್ನೊಂದು 0.53 ಇರುತ್ತದೆ. ಒಂದೇ ಅಂಗಡಿ, ಒಂದೇ ಡಬ್ಬ.

ಉಬ್ಬುವ ಪಿಸ್ಟನಿಗೆ ಕ್ಲಿಯರೆನ್ಸ್ ಜಾಸ್ತಿ ಕೊಟ್ಟು ಓಡಿಸಬಹುದಲ್ಲ ಅಂತ ಕೇಳುತ್ತಾರೆ. ಓಡುತ್ತದೆ. ಆದರೆ ತಣ್ಣಗಿರುವಾಗ ಡಬ್ಬದಲ್ಲಿ ಕಲ್ಲು ಹಾಕಿದ ಹಾಗೆ ಬಡಿಯುತ್ತದೆ, ರಿಂಗ್ ಸೀದಾ ಕೂರುವುದಿಲ್ಲ, ಸ್ಕರ್ಟ್ ಬಿರುಕು ಬಿಡುತ್ತದೆ. ಅದು ಪರಿಹಾರ ಅಲ್ಲ.

ಅಂಬಲಪಾಡಿ ರೋಡ್‌ಕಿಂಗ್

ನಿನ್ನೆ ಬ್ರಹ್ಮಾವರಕ್ಕೆ ಹೋಗಿ ಬಂದೆ. ಎರಡು ಗಂಟೆ ಕೂತು ಅಳೆದೆವು. ಚಾ ಕೊಟ್ಟು, ಮೈಕ್ರೋಮೀಟರ್ ಹಿಡಿಯುವುದನ್ನೂ ಕಲಿಸಿದರು. ತುಂಬ ಉಪಕಾರ ಅಣ್ಣ.

ಅಳತೆ ಇಲ್ಲಿ ಬರೆಯುತ್ತೇನೆ. ಬೇರೆಯವರಿಗೂ ಬೇಕಾಗಬಹುದು. ಹಳೇ ಫ್ಯಾಕ್ಟರಿ ಪಿಸ್ಟನಿನಲ್ಲಿ ಸ್ಕರ್ಟಿನ ಕೆಳಗಿನ ಅಳತೆಗಿಂತ ರಿಂಗಿನ ಕೆಳಗಿನ ಅಳತೆ 0.17 ಮಿ.ಮೀ. ಕಮ್ಮಿ ಇದೆ. ನನ್ನ ಹೊಸ ಪಿಸ್ಟನಿನಲ್ಲಿ, ಗೀರು ಬೀಳದ ಜಾಗ ನೋಡಿ ಅಳೆದರೆ ಬರೀ 0.03. ಪಿನ್ ಕಡೆಗೂ ಅಡ್ಡಕ್ಕೂ ಹೋಲಿಸಿದರೆ ಹಳೆಯದರಲ್ಲಿ 0.14 ವ್ಯತ್ಯಾಸ. ಹೊಸದರಲ್ಲಿ ಏನೂ ಇಲ್ಲ. ಪೂರ್ತಿ ಗುಂಡಗೆ. ಬೋರ್ ಮಾಡಿದವರು 0.05 ಕ್ಲಿಯರೆನ್ಸ್ ಕೊಟ್ಟಿದ್ದರು. ಆ ಪಿಸ್ಟನಿಗೆ ಅದು ಎಲ್ಲಿಗೆ ಸಾಕು?

ತೂಕವೂ ನೋಡಿದೆವು. ರಿಂಗ್, ಪಿನ್ ಬಿಟ್ಟು ಬರೀ ಪಿಸ್ಟನ್ ಹಳೆಯದಕ್ಕಿಂತ 22 ಗ್ರಾಂ ಜಾಸ್ತಿ. ಒಂದೇ ಸಿಲಿಂಡರಿನ ಎಂಜಿನ್. ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನ ಬ್ಯಾಲೆನ್ಸ್ ಹಳೇ ತೂಕಕ್ಕೆ ಮಾಡಿದ್ದು. ಹೊಸದು ಕಟ್ಟಿಸಿದ ದಿನದಿಂದ ಫುಟ್‌ರೆಸ್ಟ್ ನಡುಗುತ್ತಿತ್ತು, ನಾನು ಫೌಂಡೇಶನ್ ಬೋಲ್ಟ್ ಸಡಿಲ ಅಂದುಕೊಂಡಿದ್ದೆ.

ಬೋರ್ ಮಾಡಿದವರಲ್ಲಿ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರ ಕೆಲಸ ಸರಿ ಇತ್ತು.

ಕಾಪು ಹೊಸಬ

ನಾನು ಈಗಷ್ಟೇ ಒಂದು ಹಳೇ ಆರ್‌ಎಕ್ಸ್ ತೆಗೆದುಕೊಂಡಿದ್ದೇನೆ. ಮೈಕ್ರೋಮೀಟರ್ ಇಲ್ಲ, ಬೋರ್ ಗೇಜ್ ಇಲ್ಲ. ನಮ್ಮಂಥವರು ಅಂಗಡಿಯಲ್ಲಿ ನಿಂತು ಏನು ನೋಡಬಹುದು?

ಹಳೇ ಫಿಟ್ಟರ್, ಬ್ರಹ್ಮಾವರ

ಒಳ್ಳೇ ಪ್ರಶ್ನೆ. ಕಣ್ಣು, ಉಗುರು, ಕಿವಿ ಇದ್ದರೆ ಅರ್ಧ ಕೆಲಸ ಆಯಿತು.

ಪಿಸ್ಟನಿನ ಒಳಗೆ ನೋಡಿ. ಹೊರಗೆ ಎಲ್ಲರೂ ಹೊಳಪು ಕೊಡುತ್ತಾರೆ. ಒಳಗೆ ಎರಕದ ಮೈ ನಯವಾಗಿದೆಯಾ, ಗುಳ್ಳೆ ಗುಳ್ಳೆ ಇದೆಯಾ ನೋಡಿ. ಗುಳ್ಳೆ ಇದ್ದರೆ ಅಲ್ಲೇ ಇಟ್ಟು ಬನ್ನಿ. ಪಿನ್ನಿನ ತೂತು ಎರಡೂ ಕಡೆ ಒಂದೇ ದಪ್ಪದ ಲೋಹದ ನಡುವೆ ಇದೆಯಾ ನೋಡಿ. ರಿಂಗನ್ನು ಅದರ ತೋಡಿನಲ್ಲಿಟ್ಟು ಸುತ್ತ ಉರುಳಿಸಿ. ಎಲ್ಲೂ ಸಿಕ್ಕಬಾರದು, ಎಲ್ಲೂ ಲೊಡ ಲೊಡ ಅನ್ನಬಾರದು.

ರಿಂಗಿನ ಬಾಯಿ ನೋಡಲಿಕ್ಕೆ ಫೀಲರ್ ಗೇಜ್ ಸಾಕು, ಅದು ದುಬಾರಿ ಅಲ್ಲ. ರಿಂಗನ್ನು ಸಿಲಿಂಡರಿಗೆ ಹಾಕಿ ಪಿಸ್ಟನಿನಿಂದ ಒತ್ತಿ ಸಮ ಮಾಡಿ, ಬಾಯಿ ಅಳೆಯಿರಿ. ಬೋರ್ 25 ಮಿ.ಮೀ.ಗೆ 0.1 ಅಂತ ಲೆಕ್ಕ ಇಟ್ಟುಕೊಳ್ಳಿ. ಆರ್‌ಎಕ್ಸ್ ಬೋರ್ 50, ಹಾಗಾಗಿ 0.2 ಆಸುಪಾಸು. ಬಾಯಿ ಇಲ್ಲದೆ ಬರುವ ರಿಂಗ್ ಕೂಡ ನೋಡಿದ್ದೇನೆ. ಬಿಸಿಯಾದಾಗ ತುದಿಗೆ ತುದಿ ಒತ್ತಿ ಸಿಲಿಂಡರ್ ಗೀಚುತ್ತದೆ.

ಆಯಿಲ್ ಸೀಲಿನ ತುಟಿ ಬೆರಳಲ್ಲಿ ಬಗ್ಗಿಸಿ. ಮೆತ್ತಗೆ ಬಗ್ಗಿ ವಾಪಸ್ ಬರಬೇಕು. ಒಳಗಿನ ಸ್ಪ್ರಿಂಗ್ ಸಡಿಲ ಇರಬಾರದು.

ಬೇರಿಂಗ್, ಆಯಿಲ್ ಸೀಲ್ ಎರಡನ್ನು ಬೈಕಿನ ಹೆಸರು ಹೇಳಿ ಕೊಳ್ಳಬೇಡಿ. ಬೇರಿಂಗಿನ ಮೇಲೆ ನಂಬರ್ ಇರುತ್ತದೆ, ಸೀಲಿಗೆ ಒಳಗು, ಹೊರಗು, ದಪ್ಪ ಅಂತ ಮೂರು ಅಳತೆ ಇರುತ್ತದೆ. ಅದನ್ನು ಬರೆದುಕೊಂಡು ಮಂಗಳೂರು ಬಂದರಿನ ಕಡೆ ಮೆಷಿನರಿ ಸಾಮಾನಿನ ಅಂಗಡಿಗೆ ಹೋಗಿ. ಫ್ಯಾಕ್ಟರಿಗೆ, ಬೋಟಿಗೆ ಕೊಡುವ ಮಾಲು ಅದು. ಕ್ರ್ಯಾಂಕಿಗೆ ಬೇರಿಂಗ್ ಕೇಳುವಾಗ ಸಿ3 ಅಂತ ಹೇಳಲು ಮರೆಯಬೇಡಿ. ಸಾದಾ ಬೇರಿಂಗಿಗಿಂತ ಅದರಲ್ಲಿ ಒಳಗೆ ಸ್ವಲ್ಪ ಜಾಗ ಜಾಸ್ತಿ, ಬಿಸಿಯಲ್ಲಿ ಬಿಗಿಯಾಗುವುದಿಲ್ಲ.

ಮಂಗಳೂರು ಕೌಂಟರ್

ನಾನು ಪಾರ್ಟ್ಸ್ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ.

ಗಿರಾಕಿ ಬಂದು ಮೊದಲು ಕೇಳುವುದು "ಕಮ್ಮಿಯದ್ದು ಯಾವುದುಂಟು" ಅಂತ. ಒಳ್ಳೆಯದ್ದು ತೋರಿಸಿದರೆ "ಆನ್‌ಲೈನಿನಲ್ಲಿ ಅರ್ಧ ರೇಟು" ಅಂತ ಹೋಗುತ್ತಾರೆ. ಒಳ್ಳೇ ಮಾಲು ಎರಡು ವರ್ಷ ಶೆಲ್ಫಿನಲ್ಲೇ ಕೂತರೆ ನಾವಾದರೂ ಎಂತ ಮಾಡುವುದು? ಕೊನೆಗೆ ಅದನ್ನು ತರಿಸುವುದನ್ನೇ ಬಿಡುತ್ತೇವೆ.

ಹಾಳಾದ ಪಾರ್ಟನ್ನು ಯಾರೂ ವಾಪಸ್ ತರುವುದಿಲ್ಲ. ಬೈದು ಗುಜರಿಗೆ ಹಾಕುತ್ತಾರೆ. ಮೇಲಿನವರು ಬರೆದ ಹಾಗೆ ಅಳತೆ ಸಮೇತ ತಂದು ಕೊಟ್ಟರೆ ನಾನು ಸಪ್ಲೈಯರಿಗೆ ಕಳುಹಿಸುತ್ತೇನೆ. ಒಮ್ಮೆ ಒಬ್ಬರು ಹಾಗೆ ಮಾಡಿದ್ದರು, ಆ ಲಾಟಿನ ಕ್ಲಚ್ ಪ್ಲೇಟ್ ಪೂರ್ತಿ ವಾಪಸ್ ಹೋಯಿತು. ಬರೀ "ಸರಿ ಇಲ್ಲ" ಅಂದರೆ ಅವರು ಕೇಳುವುದಿಲ್ಲ.

ಓಲ್ಡ್ ಸ್ಟಾಕ್ ಅಂತ ಮಾರುವುದರಲ್ಲೂ ಜಾಗ್ರತೆ. ಹಳೇ ಡಬ್ಬ ಅಚ್ಚು ಹಾಕಿಸುವುದು ಕಷ್ಟ ಅಲ್ಲ.

ಕದ್ರಿ ಬುಲೆಟ್

ಕೌಂಟರಿನವರು ಹೇಳಿದ್ದು ಸತ್ಯ. ನಾನೂ ಆ ಕ್ಯಾಮ್ ವಾಪಸ್ ಕೊಡಲಿಲ್ಲ, ಇನ್ನೂ ಮನೆಯಲ್ಲೇ ಇದೆ. ಸೋಮವಾರ ತೆಗೆದುಕೊಂಡು ಹೋಗುತ್ತೇನೆ.

ಮಣಿಪಾಲ್ 353

ನನ್ನದು ಜಾವಾ. ರೋಡ್‌ಕಿಂಗಿನವರೇ, ಮತ್ತೆ ಕಟ್ಟುವ ಮೊದಲು ಲೀಕ್ ಟೆಸ್ಟ್ ಮಾಡದೆ ಸ್ಟಾರ್ಟ್ ಮಾಡಬೇಡಿ. ಪಿಸ್ಟನ್ ಒಂದೇ ಕಾರಣ ಅಂತ ಹೇಳಲಿಕ್ಕೆ ಆಗುವುದಿಲ್ಲ.

ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೇಸಿನೊಳಗೆ ಗಾಳಿ, ಪೆಟ್ರೋಲ್ ಸೇರಿ ಒತ್ತುತ್ತದೆ, ಎಳೆಯುತ್ತದೆ. ಸೀಲ್ ಸೋತರೆ ಎರಡು ರೀತಿ ತೊಂದರೆ. ಎಡಗಡೆ, ಕ್ಲಚ್ ಕಡೆಯ ಸೀಲ್ ಸೋತರೆ ಗೇರ್ ಆಯಿಲ್ ಎಳೆದು ಬಿಳಿ ಹೊಗೆ ಬರುತ್ತದೆ. ಅದು ಕಣ್ಣಿಗೆ ಕಾಣುತ್ತದೆ. ಬಲಗಡೆ, ಮ್ಯಾಗ್ನೆಟ್ ಕಡೆಯದ್ದು ಸೋತರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಏನೂ ಕಾಣುವುದಿಲ್ಲ. ಪೆಟ್ರೋಲ್ ಪಾಲು ಕಮ್ಮಿಯಾಗುತ್ತದೆ, ಅದರ ಜೊತೆ ಆಯಿಲ್ ಪಾಲೂ ಕಮ್ಮಿ. ಎಂಜಿನ್ ಕಾಯುತ್ತದೆ. ಕಾಯ್ದ ಪಿಸ್ಟನ್ ಇನ್ನೂ ಬೇಗ ಹಿಡಿಯುತ್ತದೆ.

ಟೆಸ್ಟಿಗೆ ದೊಡ್ಡ ಯಂತ್ರ ಬೇಡ. ನಾನು ಬಿ.ಪಿ. ನೋಡುವ ಉಪಕರಣದ ಬಲ್ಬ್ ಮತ್ತು ಗೇಜ್ ಬಳಸುತ್ತೇನೆ. ಎರಡೂ ಸೈಲೆನ್ಸರ್ ಬಾಯಿಗೆ ರಬ್ಬರ್ ಬಿರಡೆ, ಕಾರ್ಬುರೇಟರ್ ಕಡೆ ಒಂದು ತಗಡು ಮತ್ತು ಅದಕ್ಕೊಂದು ನಳಿಗೆ. ಪ್ಲಗ್ ಹಾಕಿಯೇ ಇರಲಿ. ಗೇಜಿನಲ್ಲಿ 250ರವರೆಗೆ ಗಾಳಿ ತುಂಬಿಸಿ, ಅದು ಸುಮಾರು 5 ಪಿ.ಎಸ್.ಐ. ಆಗುತ್ತದೆ. ನಾಲ್ಕೈದು ನಿಮಿಷ ಮುಳ್ಳು ಹೆಚ್ಚೂ ಕಮ್ಮಿ ಅಲ್ಲೇ ನಿಲ್ಲಬೇಕು. ಇಳಿದರೆ ಸೀಲ್, ಜಾಯಿಂಟ್ ಎಲ್ಲದಕ್ಕೂ ಸೋಪಿನ ನೀರು ಸವರಿ. ಗುಳ್ಳೆ ಎಲ್ಲಿ ಬರುತ್ತದೋ ಅಲ್ಲಿ ತೊಂದರೆ.

ರಬ್ಬರಿನ ವಿಷಯದಲ್ಲಿ ಮಾತ್ರ ಹಳೆಯದು ಒಳ್ಳೆಯದು ಅನ್ನುವ ಮಾತು ನಡೆಯುವುದಿಲ್ಲ. ಮೂವತ್ತು ವರ್ಷ ಡಬ್ಬದಲ್ಲಿದ್ದ ಸೀಲ್ ಹೊರಗೆ ಹೊಸದೇ ಕಾಣುತ್ತದೆ, ತುಟಿ ಕಲ್ಲಾಗಿರುತ್ತದೆ. ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್ ಬೇರೆ. ಹಳೇ ರಬ್ಬರ್ ಅದಕ್ಕೆ ಬಾಳುವುದಿಲ್ಲ. ಸಿಕ್ಕಿದರೆ ಪೆಟ್ರೋಲ್ ತಡೆಯುವ ವೈಟಾನ್ ರಬ್ಬರಿನ ಸೀಲ್ ಹಾಕಿ.

ಸುರತ್ಕಲ್ ಆರ್‌ಎಕ್ಸ್

ಬಿ.ಪಿ. ಬಲ್ಬಿನ ಉಪಾಯ ತುಂಬ ಚೆನ್ನಾಗಿದೆ. ಮಲ್ಪೆಯವರೇ, ಅಂಚು ನೋಡಿದೆ. ನೀವು ಹೇಳಿದ್ದು ಸರಿ, ಒಂದು ಕಡೆ ಉಗುರು ಸಿಕ್ಕುತ್ತದೆ. ಪಿನ್ನೂ ಹೋಗಿತ್ತು, ಅಂಚೂ ಹಾಗೆಯೇ ಇತ್ತು.

ಮಲ್ಪೆ ಲೇತ್

ಸಿಲಿಂಡರ್ ತನ್ನಿ, ತೀಡಿ ಕೊಡುತ್ತೇನೆ. ಮೇ ಒಳಗೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಬೋಟೆಲ್ಲ ರಿಪೇರಿಗೆ ದಡದಲ್ಲಿ, ಆಗ ನಮಗೆ ತಲೆ ಎತ್ತಲು ಆಗುವುದಿಲ್ಲ.

ಅಂಬಲಪಾಡಿ ರೋಡ್‌ಕಿಂಗ್

ಒಂದೂವರೆ ತಿಂಗಳಾಯಿತು. ಏನಾಯಿತು ಅಂತ ಹೇಳಬೇಕು ಅನ್ನಿಸಿತು.

ಮಣಿಪಾಲದವರು ಹೇಳಿದ ಹಾಗೆ ಟೆಸ್ಟ್ ಮಾಡಿದೆ. ಮುಳ್ಳು ಒಂದು ನಿಮಿಷದೊಳಗೆ ಸೊನ್ನೆಗೆ ಬಂತು. ಬಲಗಡೆಯ ಸೀಲಿನಲ್ಲಿ ಸಾಲಾಗಿ ಗುಳ್ಳೆ. ತೆಗೆದು ನೋಡಿದರೆ ಹೊಸ ಸೀಲಿನ ತುಟಿ ಬಗ್ಗುವುದೇ ಇಲ್ಲ. ಅಂದರೆ ಪಿಸ್ಟನ್ ಒಂದೇ ಅಲ್ಲ, ಎರಡೂ ಸೇರಿ ಘಾಟಿಯಲ್ಲಿ ಕೈ ಕೊಟ್ಟಿವೆ. ಪಿಸ್ಟನ್ ಮಾತ್ರ ಬದಲಾಯಿಸಿ ಹೋಗಿದ್ದರೆ ಮತ್ತೊಮ್ಮೆ ಹಿಡಿಯುತ್ತಿತ್ತು.

ಸೀಲುಗಳನ್ನು ಅಳತೆ ಹೇಳಿ ಬಂದರಿನಲ್ಲಿ ತಂದೆ. ಪಿಸ್ಟನಿಗೆ ಮಾತ್ರ ತುಂಬ ಓಡಾಡಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ಪೂರ್ತಿ ಮೈಕ್ರೋಮೀಟರ್ ಹಿಡಿದುಕೊಂಡು ಸುತ್ತಿದೆ. ಒಬ್ಬರು ಬೈದರು, ಇಬ್ಬರು ಕುರ್ಚಿ ಕೊಟ್ಟು ಡಬ್ಬ ಬಿಚ್ಚಿ ತೋರಿಸಿದರು. ಒಂಬತ್ತು ಪಿಸ್ಟನ್ ಅಳೆದೆ. ಏಳು ನನ್ನದರ ಹಾಗೇ ಗುಂಡಗೆ. ಕೊನೆಗೆ ಮೈಸೂರಿನಲ್ಲಿ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಗ್ರೀಸ್ ಮೆತ್ತಿದ ಕಾಗದದಲ್ಲಿ ಸುತ್ತಿದ್ದ ಒಂದು ಸ್ಟ್ಯಾಂಡರ್ಡ್ ಪಿಸ್ಟನ್ ಸಿಕ್ಕಿತು. ಅಲ್ಲೇ ಅಳೆದೆ. ಬ್ರಹ್ಮಾವರದ ಅಳತೆಗೆ ಕೂದಲೆಳೆ ವ್ಯತ್ಯಾಸ ಇಲ್ಲ. ಮಲ್ಪೆಯಲ್ಲಿ ಸಿಲಿಂಡರಿನೊಳಗೆ ಸ್ಲೀವ್, ಅಂದರೆ ಹೊಸ ಕೊಳವೆ, ಹಾಕಿಸಿ ಮತ್ತೆ 65ಕ್ಕೆ ತಂದೆವು. ಪೋರ್ಟಿನ ಅಂಚು ಅವರು ಕೈಯಲ್ಲೇ ತೀಡುವುದನ್ನು ನಿಂತು ನೋಡಿದೆ.

ಕ್ರ್ಯಾಂಕ್ ಕೂಡ ಬಿಡಲಿಲ್ಲ. ವಿ ಬ್ಲಾಕಿನ ಮೇಲಿಟ್ಟು ಡಯಲ್ ಗೇಜಿನಲ್ಲಿ ನೋಡಿದರೆ 0.09 ಮಿ.ಮೀ. ಓಲಾಡುತ್ತಿತ್ತು. ತಾಮ್ರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ 0.02ಕ್ಕೆ ತಂದರು. ಫುಟ್‌ರೆಸ್ಟ್ ಈಗ ನಡುಗುವುದಿಲ್ಲ.

ಲೀಕ್ ಟೆಸ್ಟಿನಲ್ಲಿ ಐದು ನಿಮಿಷ ಮುಳ್ಳು ಅಲುಗಲಿಲ್ಲ. ಆಮೇಲೇ ಕಿಕ್ ಹೊಡೆದದ್ದು. ಅಪ್ಪ ಒಳಗೆ ಮಲಗಿದ್ದರು, ಸದ್ದು ಕೇಳಿ ಎದ್ದು ಬಂದು ಜಗಲಿಯಲ್ಲಿ ನಿಂತರು. "ಈಗ ಅದರದ್ದೇ ಸ್ವರ" ಅಂದರು.

620 ಕಿಲೋಮೀಟರ್ ಆಗಿದೆ. ಘಾಟಿಗೆ ಇನ್ನೂ ಹೋಗಿಲ್ಲ, ಸಾವಿರ ಆಗಲಿ. ಜುಲೈ ಎರಡನೇ ಭಾನುವಾರ ಜಾವಾ ಎಜ್ಡಿ ದಿನಕ್ಕೆ ಮಳೆ ಎಷ್ಟೇ ಇರಲಿ ಹೊರಡುವುದು ಅಂತ ಇದ್ದೇನೆ.

ಜಾಮ್ ಆದ ಪಿಸ್ಟನ್ ಮತ್ತು ಆ ಗಟ್ಟಿ ಸೀಲ್ ಎರಡೂ ಬಿಸಾಡಿಲ್ಲ. ಅಳತೆಗಳನ್ನು ಒಂದು ರಟ್ಟಿನಲ್ಲಿ ಬರೆದು ಜೊತೆಗೇ ಕಟ್ಟಿ ಇಟ್ಟಿದ್ದೇನೆ. ಕಾಪುವಿನವರೇ, ಉಡುಪಿ ಕಡೆ ಯಾರಾದರೂ ರೋಡ್‌ಕಿಂಗ್ ಕಟ್ಟಿಸುವವರೇ, ಪಿಸ್ಟನ್ ಕೊಂಡುಕೊಳ್ಳುವ ಮೊದಲು ಅಂಬಲಪಾಡಿಗೆ ಬಂದು ನೋಡಿಕೊಂಡು ಹೋಗಿ. ಮೈಕ್ರೋಮೀಟರ್ ಕೂಡ ಈಗ ನನ್ನ ಹತ್ತಿರ ಇದೆ, ಒಂದೆರಡು ದಿನಕ್ಕೆ ಬೇಕಾದರೆ ಕೊಡುತ್ತೇನೆ.

ಕಾಪು ಹೊಸಬ

ಶನಿವಾರ ಬೆಳಿಗ್ಗೆ ಬರಬಹುದಾ ಅಣ್ಣ? ನನ್ನ ಪಿಸ್ಟನ್ ಡಬ್ಬ ಇನ್ನೂ ಒಡೆದಿಲ್ಲ. ಅಲ್ಲೇ ಒಡೆದು ಅಳೆಯುವ.

ಅಂಬಲಪಾಡಿ ರೋಡ್‌ಕಿಂಗ್

ಬನ್ನಿ. ಹತ್ತು ಗಂಟೆ ಒಳಗೆ ಬನ್ನಿ. ಹಳೇ ಪಿಸ್ಟನ್ ಇದ್ದರೆ ಅದನ್ನೂ ತನ್ನಿ.